ವೈಲ್ಡರ್ನೆಸ್‌ನಲ್ಲಿ ಡ್ರಿಲ್ ಮಷಿನ್: ಎರಡು ನಿಮಿಷದ ಸದ್ದು ಅಷ್ಟು ದೊಡ್ಡ ತಪ್ಪಾ?

ಒಂಟಿಹಗ್ಗ
ಹೋದ ವಾರ ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ, ಕಾನೂನು ಕಾಯುವ ಕಾಡುಪ್ರದೇಶವಾದ ಒಂದು ವೈಲ್ಡರ್ನೆಸ್‌ನಲ್ಲಿ ಹಳೆಯ ಗ್ರಾನೈಟ್ ರೂಟ್ (ಬಂಡೆ ಹತ್ತುವ ದಾರಿ) ಹತ್ತಿ ಇಳಿಯುತ್ತಿದ್ದೆವು. ಹಗ್ಗ ಸಿಕ್ಕಿಸಿ ಇಳಿಯುವ ಮೂರನೇ ಆಂಕರ್ ನೋಡಿ ಎದೆ ಧಸಕ್ಕೆಂದಿತು. ಬಂಡೆ ಕೊರೆದು ಕೂರಿಸಿದ ಕಾಲು ಇಂಚಿನ ಎರಡು ಬೋಲ್ಟ್. ಒಂದರ ತಲೆ ತುಕ್ಕು ಹಿಡಿದು ಸಿಪ್ಪೆ ಏಳುತ್ತಿತ್ತು. ಇನ್ನೊಂದನ್ನು ಬೆರಳಲ್ಲಿ ಮುಟ್ಟಿದರೆ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಪಕ್ಕದಲ್ಲಿ ಬಾಯಿ ಅಗಲವಾದ ಒಂದು ಬಿರುಕು. ಅದರಲ್ಲಿ ಹೇಗೋ ಒಂದು ಕ್ಯಾಮ್ (ಬಿರುಕಿನಲ್ಲಿ ಅಗಲಿಸಿ ಕಚ್ಚಿಕೊಳ್ಳುವ ಸಾಧನ) ತುರುಕಿ ಬ್ಯಾಕಪ್ ಮಾಡಿದೆವು. ತೂಕ ಜಾಸ್ತಿ ಇರೋನು ನಾನು, ಅದಕ್ಕೇ ಮೊದಲು ನಾನು ಇಳಿದೆ. ಗೆಳೆಯ ಕ್ಯಾಮ್ ಕಿತ್ತುಕೊಂಡು ಬರೀ ಆ ಎರಡು ಬೋಲ್ಟ್ ನಂಬಿ ಇಳಿದ. ಕೆಳಗೆ ಬಂದ ಮೇಲೆ ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ಈಗ ಅವನು ಹೇಳುತ್ತಿದ್ದಾನೆ: ಬ್ಯಾಟರಿ ಡ್ರಿಲ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗೋಣ, ಒಂದು ತೂತಿಗೆ ಒಂದು ನಿಮಿಷ, ಎರಡು ಹೊಸ ಸ್ಟೇನ್‌ಲೆಸ್ ಬೋಲ್ಟ್ ಹಾಕಿ ಬಂದುಬಿಡೋಣ, ಸುತ್ತ ಮೈಲಿಗಟ್ಟಲೆ ಒಂದು ನರಪಿಳ್ಳೆ ಇರಲ್ಲ. ಕಾನೂನಿನಲ್ಲಿ ಅದು ತಪ್ಪು ಅಂತ ನನಗೆ ಗೊತ್ತು. ಅದನ್ನು ಕೇಳುತ್ತಿಲ್ಲ. ಕೈಯಲ್ಲಿ ಕೊರೆದರೂ ಅದೇ ತೂತು, ಮಷಿನ್‌ನಲ್ಲಿ ಕೊರೆದರೂ ಅದೇ ತೂತು. ಹಾಗಿದ್ದ ಮೇಲೆ ತಪ್ಪು ಇರೋದು ಎಲ್ಲಿ?

ಕಾನೂನುಕಿಟ್ಟಿ
ನೀವು ಕೇಳದಿದ್ದರೂ ಕಾನೂನು ಹೇಳಿಬಿಡುತ್ತೇನೆ, ಯಾಕಂದ್ರೆ ಅರ್ಧ ಜನಕ್ಕೆ ಇದು ಸರಿಯಾಗಿ ಗೊತ್ತಿಲ್ಲ. 1964ರ ವೈಲ್ಡರ್ನೆಸ್ ಆಕ್ಟ್, ಸೆಕ್ಷನ್ 4(ಸಿ). ತಾತ್ಕಾಲಿಕ ರಸ್ತೆ, ಮೋಟಾರು ವಾಹನ, ಮೋಟಾರು ಉಪಕರಣ, ಮೋಟಾರು ದೋಣಿ, ವಿಮಾನ ಇಳಿಸುವುದು, ಯಾಂತ್ರಿಕ ಸಾಗಣೆ, ಕಟ್ಟಡ, ಅಳವಡಿಕೆ, ಯಾವುದೂ ಕೂಡದು. ಸೈಕಲ್ಲೂ ಇಲ್ಲ. ಬ್ಯಾಟರಿ ಡ್ರಿಲ್ ಮೋಟಾರು ಉಪಕರಣದ ಲೆಕ್ಕಕ್ಕೆ ಬರುತ್ತದೆ. ಅಲ್ಲಿನ ಅರಣ್ಯ ಇಲಾಖೆಯಾದ ಫಾರೆಸ್ಟ್ ಸರ್ವಿಸ್ ಜಾಗದ ವೈಲ್ಡರ್ನೆಸ್ ಆದರೆ ಇನ್ನೂ ಬಿಗಿ: ಬಳಸುವುದಿರಲಿ, ಇಟ್ಟುಕೊಂಡಿದ್ದರೂ ತಪ್ಪು. ಬ್ಯಾಗಿನ ತಳದಲ್ಲಿ ಸುಮ್ನೆ ಮಲಗಿದ್ದರೂ ದಂಡ ಬೀಳಬಹುದು.

ಪುಕ್ಕಟೆಸಲಹೆ
ಹಾಗಾದ್ರೆ ಬ್ಯಾಟರಿ ಶೇವರ್ ಒಯ್ದರೂ ಹಿಡಿತಾರಾ? 😄

ಕಾನೂನುಕಿಟ್ಟಿ
ತಮಾಷೆ ಅಂದುಕೊಂಡಿರಿ, ಆದರೆ ಫಾರೆಸ್ಟ್ ಸರ್ವಿಸ್ ಕೈಪಿಡಿಯಲ್ಲಿ ಶೇವರ್ ಹೆಸರು ನಿಜವಾಗಿಯೂ ಇದೆ. ಶೇವರ್, ಕೈಗಡಿಯಾರ, ಟಾರ್ಚ್, ಕ್ಯಾಮೆರಾ, ಸ್ಟವ್, ಇಂಥ ಸಣ್ಣ ಕೈಸಾಮಾನಿಗೆ ವಿನಾಯಿತಿ. ಗಡ್ಡ ಬೋಳಿಸಿಕೊಳ್ಳಿ, ಬಂಡೆ ಕೊರೆಯಬೇಡಿ.

ಮೂರನೇಪಿಚ್
ನನಗೆ ಒಂಟಿಹಗ್ಗ ಅವರ ಗೆಳೆಯನ ಮಾತೇ ಸರಿ ಅನಿಸುತ್ತದೆ. ನಮ್ಮ ಬೂಟಿನ ರಬ್ಬರು, ಹಗ್ಗದ ನೈಲಾನು, ಸ್ಟೇನ್‌ಲೆಸ್ ಬೋಲ್ಟು, ಯಾವುದು ಕಾಡಿನಲ್ಲಿ ಬೆಳೆದದ್ದು? ಕಾರಿನಲ್ಲಿ 300 ಮೈಲಿ ಓಡಿಸಿಕೊಂಡು ಬರುತ್ತೇವೆ. ಜಿಪಿಎಸ್ ನೋಡಿ ನಡೆಯುತ್ತೇವೆ. ಕೊನೆಯ ಒಂದು ನಿಮಿಷದ ಮೋಟಾರಿಗೆ ಮಾತ್ರ ಮಡಿ ನೆನಪಾಗುತ್ತದೆ. ಇದು ನೀತಿಯಲ್ಲ, ಸೋಗು.

ಉಳಿಪೆಟ್ಟು
ಮೂರನೇಪಿಚ್, ನೀವು ಒಂದು ತೂತನ್ನಾದರೂ ಕೈಯಲ್ಲಿ ಕೊರೆದಿದ್ದೀರಾ? ವ್ಯಂಗ್ಯ ಅಲ್ಲ, ನಿಜಕ್ಕೂ ಕೇಳುತ್ತಿದ್ದೇನೆ. ಯಾಕಂದ್ರೆ ಆ ಒಂದು ತೂತು ನಿಮ್ಮ ಪ್ರಶ್ನೆಯನ್ನೇ ಬದಲಾಯಿಸುತ್ತದೆ.

ಎಡಗೈಯಲ್ಲಿ ಹೋಲ್ಡರ್, ಅದರ ತುದಿಗೆ 3/8 ಇಂಚಿನ ಬಿಟ್. ಬಲಗೈಯಲ್ಲಿ ಸುತ್ತಿಗೆ. ಒಂದು ಪೆಟ್ಟು, ಸ್ವಲ್ಪ ತಿರುಗಿಸು. ಇನ್ನೊಂದು ಪೆಟ್ಟು, ಮತ್ತೆ ತಿರುಗಿಸು. ತಿರುಗಿಸಲು ಮರೆತರೆ ಬಿಟ್ ಸಿಕ್ಕಿಕೊಳ್ಳುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಮೊದಲ ಐವತ್ತು ಪೆಟ್ಟು ಮೆಲ್ಲಗೆ ಕೊಡಬೇಕು, ಜೋರಾಗಿ ಹೊಡೆದರೆ ತೂತಿನ ಬಾಯಿ ಕಿತ್ತು ಹೋಗುತ್ತದೆ. ಆಗಾಗ ನಿಲ್ಲಿಸಿ, ಸಣ್ಣ ರಬ್ಬರ್ ಕೊಳವೆಯನ್ನು ತೂತಿಗೆ ಇಳಿಸಿ ಊದಬೇಕು. ಕಣ್ಣು ಮುಚ್ಚಿಕೊಂಡು ಊದಬೇಕು, ಇಲ್ಲಾಂದ್ರೆ ಗ್ರಾನೈಟ್ ಹಿಟ್ಟು ಪೂರ್ತಿ ರೆಪ್ಪೆಯೊಳಗೆ. ಹಾರ್ನೆಸ್‌ನಲ್ಲಿ ನೇತಾಡಿಕೊಂಡು ಇಷ್ಟು ಮಾಡುವಾಗ ತೊಡೆ ಜೋಮು ಹಿಡಿದಿರುತ್ತದೆ. ಒಳ್ಳೆಯ ಗ್ರಾನೈಟ್‌ನಲ್ಲಿ ಎರಡೂವರೆ ಇಂಚು ಇಳಿಯಲು ನನಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಮರುದಿನ ಲೋಟ ಎತ್ತಿದರೆ ಕೈ ನಡುಗುತ್ತದೆ.

ಇಷ್ಟು ಗೊತ್ತಿರುವವನು ಎರಡನೇ ಬೋಲ್ಟ್ ಹಾಕುವ ಮೊದಲು ಹತ್ತು ಸಲ ಸುತ್ತ ನೋಡುತ್ತಾನೆ. ಇಲ್ಲಿ ನಟ್ (ಬಿರುಕಿಗೆ ಸಿಕ್ಕಿಸುವ ಲೋಹದ ಬೆಣೆ) ಕೂರುತ್ತದಾ? ಆ ಮರಕ್ಕೆ ಹಗ್ಗ ಸುತ್ತಬಹುದಾ? ಇನ್ನೊಂದು ಐದು ಅಡಿ ಹಾಗೇ ಹತ್ತಬಹುದಾ? ಮಷಿನ್ ಕೈಯಲ್ಲಿದ್ದರೆ ಈ ಯಾವ ಪ್ರಶ್ನೆಯೂ ಏಳಲ್ಲ. ತೂತು ಒಂದೇ ಇರಬಹುದು. ತೂತಿನ ಮೊದಲಿನ ಯೋಚನೆ ಒಂದೇ ಅಲ್ಲ.

ಹಕ್ಕಿನೋಟ
ಇದೇ ನಾನು ಹೇಳಬೇಕೆಂದಿದ್ದು. 👆

ಮೂರನೇಪಿಚ್
ಒಂದಲ್ಲ, ಮೂರು ಕೊರೆದಿದ್ದೇನೆ ಸ್ವಾಮಿ. ಮೂರನೆಯದು ವಕ್ರ.

ಆದರೆ ನಿಮ್ಮ ವಾದ ಇತಿಹಾಸದ ಮುಂದೆ ನಿಲ್ಲಲ್ಲ. 1958ರಲ್ಲಿ ಯೊಸೆಮಿಟಿ ಕಣಿವೆಯ ದೊಡ್ಡ ಬಂಡೆ ಎಲ್ ಕ್ಯಾಪಿಟನ್‌ನ ನೋಸ್ ರೂಟ್ ಮುಗಿಸುವಾಗ ವಾರೆನ್ ಹಾರ್ಡಿಂಗ್ ಕೊನೆಯ ರಾತ್ರಿಯೆಲ್ಲಾ ಕೂತು 28 ಬೋಲ್ಟ್ ಕೊರೆದ. ಕೈಯಲ್ಲೇ. ತಲೆಯ ಮೇಲೆ ಒಂದು ದೀಪ, ಮುಂದಕ್ಕೆ ಬಾಗಿದ ಗೋಡೆ. 1970ರಲ್ಲಿ ಅದೇ ಮನುಷ್ಯ ಡೀನ್ ಕಾಲ್ಡ್‌ವೆಲ್ ಜತೆ 27 ದಿನ ಗೋಡೆಯಲ್ಲಿದ್ದು ಅದೇ ಬಂಡೆಯ ಇನ್ನೊಂದು ರೂಟ್ ವಾಲ್ ಆಫ್ ಅರ್ಲಿ ಮಾರ್ನಿಂಗ್ ಲೈಟ್ ಹತ್ತಿದಾಗ 300ಕ್ಕೂ ಹೆಚ್ಚು ತೂತು. ಅದೂ ಕೈಯಲ್ಲೇ. ಕೈ ನೋವು ಅವನನ್ನು ತಡೆಯಿತಾ? ಹಟ ಇರೋನಿಗೆ ಸುತ್ತಿಗೆಯೇ ಮೋಟಾರು.

ಬೆವರುಬಂಡೆ
ಅದೇ ಹಾರ್ಡಿಂಗ್ ಅಲ್ವಾ ಪೆಟ್ರೋಲ್ ಕಂಪ್ರೆಸರ್ ಬಂಡೆಗೆ ಎಳೆದುಕೊಂಡು ಹೋಗಿದ್ದು?

ತಪ್ಪುಹುಡುಕ
ಅಲ್ಲ. ಕಂಪ್ರೆಸರ್ ಎಳೆದದ್ದು ಇಟಲಿಯ ಚೆಸಾರೆ ಮಾಯೆಸ್ತ್ರಿ, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದ ಸೆರ್ರೊ ಟೊರ್ರೆ ಶಿಖರದಲ್ಲಿ. ವರ್ಷ ಮಾತ್ರ ಅದೇ 1970, ಅದಕ್ಕೇ ಜನ ಬೆರೆಸಿಬಿಡುತ್ತಾರೆ. ಆ ಕಂಪ್ರೆಸರನ್ನು ಅಲ್ಲೇ ಗೋಡೆಗೆ ನೇತುಹಾಕಿ ಬಂದ. ಹತ್ತುವವರು ಅದರ ಮೇಲೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು.

ಉಳಿಪೆಟ್ಟು
ಒಳ್ಳೇದಾಯ್ತು, ಆ ಹೆಸರು ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಾರ್ಡಿಂಗ್ ಕೊರೆದದ್ದು ಬಿರುಕೇ ಇಲ್ಲದ ಬೋಳು ಗೋಡೆಯಲ್ಲಿ. 1971ರಲ್ಲಿ ಇನ್ನೊಬ್ಬ ಹೆಸರಾಂತ ಕ್ಲೈಂಬರ್ ರಾಯಲ್ ರಾಬಿನ್ಸ್ ಆ ಬೋಲ್ಟ್‌ಗಳನ್ನು ಕಿತ್ತೆಸೆಯುತ್ತೇನೆ ಅಂತ ಡಾನ್ ಲಾರಿಯಾ ಜತೆ ಹೊರಟ, ಕೆಳಗಿನ ಕೆಲವು ಪಿಚ್ (ಒಂದು ಹಗ್ಗದಳತೆಯ ಹಂತ) ಬೋಲ್ಟ್ ಕಿತ್ತ. ಮೇಲೆ ಹೋದಂತೆ ಕ್ಲೈಂಬಿಂಗ್ ತಾನು ಅಂದುಕೊಂಡಿದ್ದಕ್ಕಿಂತ ಗಟ್ಟಿ ಅಂತ ಗೊತ್ತಾಗಿ ಕೀಳುವುದು ನಿಲ್ಲಿಸಿದ. ಮಾಯೆಸ್ತ್ರಿ? ನಟ್ ಕೂರುವಂಥ ಬಿರುಕಿನ ಪಕ್ಕದಲ್ಲೇ ಸಾಲಾಗಿ ಬೋಲ್ಟ್ ಹೊಡೆದ. ಇಂಜಿನ್ ಓಡುತ್ತಿದೆ, ಯಾಕೆ ಬಿಡಬೇಕು? ಕೈ ಹಟಮಾರಿಯನ್ನು ತಡೆಯಲ್ಲ, ಒಪ್ಪಿದೆ. ಸೋಮಾರಿಯನ್ನು ತಡೆಯುತ್ತದೆ. ನಮ್ಮಲ್ಲಿ ಹಟಮಾರಿಗಳಿಗಿಂತ ಸೋಮಾರಿಗಳು ಜಾಸ್ತಿ.

ಪುಕ್ಕಟೆಸಲಹೆ
ಕೊನೆಯ ಸಾಲು ನನಗೇ ಹೇಳಿದ ಹಾಗಿದೆ.

ನೆಟ್ಟಗಿರು
ನಾನು ಕೆಲಸದಲ್ಲಿ ದಿನಾ ಆಂಕರ್ ಬೋಲ್ಟ್ ನೋಡುವವನು, ಕಾಂಕ್ರೀಟಿನಲ್ಲಿ. ಇಲ್ಲಿ ಯಾರೂ ಮುಟ್ಟದ ವಿಷಯ ಒಂದಿದೆ. ತೂತು ಒಂದೇ ಅಂತ ಒಂಟಿಹಗ್ಗ ಬರೆದಿದ್ದಾರೆ, ಉಳಿಪೆಟ್ಟು ಅರ್ಧ ಒಪ್ಪಿದ್ದಾರೆ. ಒಂದೇ ಅಲ್ಲ. ಮಷಿನ್ ತೂತು ಗುಂಡಗೆ, ನೇರವಾಗಿ, ಬೇಕಾದಷ್ಟು ಆಳಕ್ಕೆ ಇಳಿಯುತ್ತದೆ. ಕೈ ತೂತು ಬಾಯಲ್ಲಿ ಅಗಲ, ಒಳಗೆ ಸೊಟ್ಟ ಆಗೋದು ಸುಲಭ. ಆಳ ಇಳಿಯುವ ಮೊದಲೇ ಕೈ ಸೋತು, ಸಾಕು ಅನಿಸುತ್ತದೆ. ಈಗ ಒಂಟಿಹಗ್ಗ ನೋಡಿದ ಆ ಕಾಲು ಇಂಚಿನ ಬೋಲ್ಟ್‌ಗಳನ್ನೇ ತಗೊಳ್ಳಿ. ಅಷ್ಟು ಸಣ್ಣದು, ಅಷ್ಟು ಗಿಡ್ಡದು ಯಾಕೆ ಹಾಕಿದರು? ಕೈಯಲ್ಲಿ ಕೊರೆಯೋದು ಕಷ್ಟ ಅಂತ! ಕೈ ಡ್ರಿಲ್‌ನ ನೀತಿ ನಮಗೆ ಬಿಟ್ಟುಹೋದ ಆಸ್ತಿ ಅದು.

ಅರ್ಧ ಇಂಚಿನ ಸ್ಟೇನ್‌ಲೆಸ್ ಬೋಲ್ಟ್ ಒಂದು ಸಲ ಸರಿಯಾಗಿ ಕೂರಿಸಿದರೆ ನಮ್ಮ ತಲೆಮಾರು ಮುಗಿಯುವವರೆಗೆ ಆ ಬಂಡೆಯನ್ನು ಯಾರೂ ಮುಟ್ಟಬೇಕಾಗಿಲ್ಲ. ಅಂಟು ಹಾಕಿ ಕೂರಿಸುವ ಬೋಲ್ಟ್ ಇನ್ನೂ ಒಳ್ಳೆಯದು, ಆದರೆ ಅಷ್ಟು ದಪ್ಪ, ಅಷ್ಟು ಆಳದ ತೂತು ಕೈಯಲ್ಲಿ ಅಂದರೆ ಅರ್ಧ ದಿನ ಹೋಯ್ತು. ಎರಡು ನಿಮಿಷದ ಸದ್ದು ಒಂದು ಕಡೆ, ಇಪ್ಪತ್ತು ವರ್ಷಕ್ಕೊಮ್ಮೆ ಮತ್ತೆ ಬಂದು ಬಂಡೆ ಕುಟ್ಟೋದು ಇನ್ನೊಂದು ಕಡೆ. ಯಾವುದು ಕಾಡಿಗೆ ಕಮ್ಮಿ ಹಾನಿ?

ಒಂಟಿಹಗ್ಗ
ಇದು ನನಗೂ ತಟ್ಟಿತು. ಅಲ್ಲಾಡುವ ಬೋಲ್ಟ್ ಮೇಲೆ ತೂಗಿದವನಿಗೆ ಈ ವಾದ ಬೇಗ ಅರ್ಥ ಆಗುತ್ತದೆ.

ಹಕ್ಕಿನೋಟ
ನಾನು ಬೇರೆ ಬಾಗಿಲಿನಿಂದ ಬರುತ್ತೇನೆ. ಬೇಸಿಗೆಯಲ್ಲಿ ಎರಡು ವಾರ ಕಾಲುದಾರಿ ರಿಪೇರಿಗೆ ಸ್ವಯಂಸೇವಕಿಯಾಗಿ ಹೋಗುತ್ತೇನೆ. ವೈಲ್ಡರ್ನೆಸ್ ಒಳಗೆ ದಾರಿಗೆ ಮರ ಬಿದ್ದಿದ್ದರೆ ಚೈನ್‌ಸಾ ತರುವ ಹಾಗಿಲ್ಲ. ಎರಡು ಹಿಡಿಯ ಉದ್ದ ಗರಗಸ. ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಎಳೆಯಬೇಕು ಅಷ್ಟೆ, ತಳ್ಳಬಾರದು. ತಳ್ಳಿದರೆ ಅಲಗು ಬಾಗುತ್ತದೆ, ಜತೆಗಾರರು ಬೈಯುತ್ತಾರೆ. ಹಲ್ಲು ಚೆನ್ನಾಗಿ ಮಸೆದಿದ್ದರೆ ಪುಡಿ ಬರಲ್ಲ, ನೂಡಲ್ಸ್ ಹಾಗೆ ಉದ್ದುದ್ದ ಸುರುಳಿ ಬರುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ. ನಿಯಮ ನಮ್ಮಂಥ ಹತ್ತುವವರಿಗೆ ಮಾತ್ರ ಅನ್ನುವವರು ಇದನ್ನು ಒಮ್ಮೆ ನೋಡಬೇಕು. ಆ ಜಾಗದ ಯಜಮಾನರೂ ಅದೇ ಗರಗಸ ಎಳೆಯುತ್ತಾರೆ.

2019ರಲ್ಲಿ ಕೊಲರಾಡೊದ ವೆಮಿನೂಚಿ ವೈಲ್ಡರ್ನೆಸ್‌ನಲ್ಲಿ ಇದೇ ಪ್ರಶ್ನೆ ಬಂತು. ಜೀರುಂಡೆ ಕಾಟಕ್ಕೆ ಸ್ಪ್ರೂಸ್ ಮರಗಳು ಸಾಲುಸಾಲಾಗಿ ಸತ್ತು ದಾರಿಗೆ ಬಿದ್ದಿದ್ದವು. ಈ ಸಲ ಮಾತ್ರ ಚೈನ್‌ಸಾ ಬಳಸುತ್ತೇವೆ ಅಂತ ಫಾರೆಸ್ಟ್ ಸರ್ವಿಸ್ ಆದೇಶ ಹೊರಡಿಸಿತು. ಸಂರಕ್ಷಣಾ ಸಂಘಗಳು ಕೋರ್ಟಿಗೆ ಹೋದವು, ಆದೇಶ ವಾಪಸ್ ಆಯಿತು. ಕಾರಣ ಸಾಚಾನೇ ಇತ್ತು, ಮರ ನಿಜಕ್ಕೂ ಬಿದ್ದಿತ್ತು. ಆದರೆ "ಈ ಸಲ ಮಾತ್ರ" ಅನ್ನೋರ ಹತ್ತಿರ ಯಾವತ್ತೂ ಒಂದು ಸಾಚಾ ಕಾರಣ ಇದ್ದೇ ಇರುತ್ತದೆ.

ಮೂರನೇಪಿಚ್
ಯಾರಾದರೂ ಕಾಲು ಮುರಿದುಕೊಂಡರೆ ಹೆಲಿಕಾಪ್ಟರ್ ಬರುತ್ತದೆ, ಅರ್ಧ ಕಣಿವೆ ನಡುಗುವಷ್ಟು ಸದ್ದು. ಆ ಬೋಲ್ಟ್ ಕಿತ್ತು ಜನ ಬಿದ್ದ ಮೇಲೆ ಮೋಟಾರು ಸರಿ, ಬೀಳುವ ಮೊದಲು ತಪ್ಪು. ಈ ತರ್ಕ ನನಗೆ ಗಂಟಲಲ್ಲಿ ಇಳಿಯಲ್ಲ.

ಕಾನೂನುಕಿಟ್ಟಿ
ಅಲ್ಲಿ ಕಾನೂನೇ ಬಾಗಿಲು ತೆರೆದಿಟ್ಟಿದೆ. ಜೀವಕ್ಕೆ ಅಪಾಯದ ತುರ್ತು ಸಂದರ್ಭ, ಮತ್ತು ಆ ಪ್ರದೇಶದ ಆಡಳಿತಕ್ಕೆ ಬೇಕಾದ ಕನಿಷ್ಠ ಅಗತ್ಯ. ಎರಡನ್ನೂ ತೀರ್ಮಾನಿಸೋದು ಇಲಾಖೆ, ನಾವಲ್ಲ. ಎಲ್ಲರೂ ತಮ್ಮ ತಮ್ಮ ತುರ್ತನ್ನು ತಾವೇ ಘೋಷಿಸಿಕೊಂಡರೆ ಆಯ್ತಲ್ಲ ಕಥೆ.

ಇನ್ನೊಂದು. 2023ರ ನವೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನಗಳ ಪಾರ್ಕ್ ಸರ್ವಿಸ್ ಮತ್ತು ಫಾರೆಸ್ಟ್ ಸರ್ವಿಸ್ ನಿಯಮದ ಕರಡು ತಂದಿದ್ದವು. ಬೋಲ್ಟ್ ಕೂಡ ಸೆಕ್ಷನ್ 4(ಸಿ) ಹೇಳುವ ಅಳವಡಿಕೆಯೇ, ಹಾಗಾಗಿ ಮೂಲತಃ ನಿಷಿದ್ಧ, ಪ್ರತಿಯೊಂದಕ್ಕೂ ವಿಶೇಷ ಅನುಮತಿ ಬೇಕು ಅನ್ನೋ ಧಾಟಿ. ಕೈಯಲ್ಲಿ ಹಾಕಿದ್ದೂ ಸೇರಿ! ಹತ್ತುವವರು ಬೊಬ್ಬೆ ಹೊಡೆದರು. ಕೊನೆಗೆ 2025ರ ಜನವರಿಯಲ್ಲಿ ಸಹಿಯಾದ ಎಕ್ಸ್‌ಪ್ಲೋರ್ ಆಕ್ಟ್‌ನಲ್ಲಿ, ವೈಲ್ಡರ್ನೆಸ್‌ನಲ್ಲಿ ಬೋಲ್ಟ್ ಹಾಕುವುದು, ಬಳಸುವುದು, ನೋಡಿಕೊಳ್ಳುವುದು ಸಲ್ಲುವ ಚಟುವಟಿಕೆ ಅಂತ ಬರೆದರು. ಮೋಟಾರಿಗೆ ಮಾತ್ರ ಅದರಲ್ಲೂ ಜಾಗ ಕೊಟ್ಟಿಲ್ಲ. ಈಗ ತಾನೇ ಕೈ ಬೋಲ್ಟ್ ಉಳಿಸಿಕೊಂಡಿದ್ದೇವೆ. ಅಂಥ ಹೊತ್ತಿನಲ್ಲಿ ಯಾರೋ ಕದ್ದು ಮಷಿನ್ ಒಯ್ದು ಸಿಕ್ಕಿಬಿದ್ದರೆ, ಮುಂದಿನ ಕರಡು ಬರೆಯುವವರಿಗೆ ನಾವೇ ಪೆನ್ನು ಕೊಟ್ಟ ಹಾಗೆ.

ಬೆವರುಬಂಡೆ
ಪ್ರಶ್ನೆ: ನಿಯಮ ಸದ್ದಿಗಾಗಿ ಇದ್ದರೆ ಪೂರ್ತಿ ಸದ್ದಿಲ್ಲದ ಡ್ರಿಲ್ ಬಂದರೆ?

ಹಕ್ಕಿನೋಟ
ಸದ್ದು ಒಂದು ಭಾಗ ಮಾತ್ರ. ನೋಡಿ, ಪೆರಿಗ್ರಿನ್ ಗಿಡುಗ ಗೂಡು ಕಟ್ಟುವಾಗ ಯೊಸೆಮಿಟಿಯಲ್ಲಿ ಕೆಲವು ಗೋಡೆಗಳನ್ನು ಮಾರ್ಚ್‌ನಿಂದ ಜುಲೈ ಮಧ್ಯದವರೆಗೆ ಮುಚ್ಚುತ್ತಾರೆ. ಆಗ ಬರಿಗೈಲಿ ಮೌನವಾಗಿ ಹತ್ತಿದರೂ ತಪ್ಪೇ. ಹಕ್ಕಿಗೆ ಸುತ್ತಿಗೆ ಸದ್ದು ಇಷ್ಟ ಅಂತೇನಿಲ್ಲ. ನಲವತ್ತು ನಿಮಿಷ ಟಣ್ ಟಣ್ ಅನ್ನೋದಕ್ಕಿಂತ ಒಂದು ನಿಮಿಷ ಗುರ್ ಅನ್ನೋದು ಅದಕ್ಕೆ ವಾಸಿ ಇದ್ದರೂ ಇರಬಹುದು! ಹಾಗಾಗಿ ಸದ್ದಿನ ವಾದವನ್ನು ನಾನೇ ಅಷ್ಟು ಗಟ್ಟಿಯಾಗಿ ಹಿಡಿಯಲ್ಲ.

ಮೂರನೇಪಿಚ್
ಅಬ್ಬಾ, ಒಬ್ಬರಾದರೂ ಪ್ರಾಮಾಣಿಕವಾಗಿ ಒಪ್ಪಿದರು.

ತಪ್ಪುಹುಡುಕ
ವೈಲ್ಡರ್ನೆಸ್ ಆಕ್ಟ್ ಕೊಡುವ ವ್ಯಾಖ್ಯೆಯಲ್ಲಿ ಒಂದು ಪದ ಇದೆ, ಅನ್‌ಟ್ರ್ಯಾಮಲ್ಡ್. ಜನ ಅದನ್ನು ಯಾರೂ ತುಳಿಯದ ನೆಲ ಅಂತ ಓದುತ್ತಾರೆ. ತಪ್ಪು. ಟ್ರ್ಯಾಮಲ್ ಅಂದರೆ ಮೀನಿನ ಬಲೆ, ಅಥವಾ ಕುದುರೆ ಓಡದ ಹಾಗೆ ಕಾಲಿಗೆ ಕಟ್ಟುವ ಹಗ್ಗ. ಅಂದರೆ ಕಾಲು ಕಟ್ಟಿಹಾಕದ ನೆಲ. ಕರಡು ಬರೆದ ಹೊವರ್ಡ್ ಜಾನೈಸರ್‌ಗೆ ಬೇರೆ ಸುಲಭ ಪದ ಹಾಕಿ ಅಂತ ಸ್ನೇಹಿತರು ಹೇಳಿದ್ದರು, ಅವರು ಬಿಡಲಿಲ್ಲ. ಕಾನೂನಿಗೆ ಸಹಿ ಬಿದ್ದದ್ದು 1964ರ ಸೆಪ್ಟೆಂಬರ್ 3ಕ್ಕೆ. ಅದಕ್ಕೆ ನಾಲ್ಕು ತಿಂಗಳು ಮೊದಲೇ ಅವರು ತೀರಿಕೊಂಡಿದ್ದರು. ನೋಡಲಿಲ್ಲ ಪಾಪ.

ಬೆವರುಬಂಡೆ, ಸದ್ದಿಲ್ಲದ ಡ್ರಿಲ್‌ಗೂ ಉತ್ತರ ಅದರಲ್ಲೇ ಇದೆ. ಅಲ್ಲಿ ಕೈಕಟ್ಟಿ ನಿಲ್ಲಬೇಕಾದವರು ನಾವು, ಬೆಟ್ಟವಲ್ಲ.

ಪುಕ್ಕಟೆಸಲಹೆ
ಡ್ರಿಲ್ ಬಿಡಿ. ಮೊದಲು ಬ್ಯಾಗಿಗೆ ಬ್ಲೂಟೂತ್ ಸ್ಪೀಕರ್ ಸಿಗಿಸಿಕೊಂಡು ಹಾಡು ಹಾಕಿಕೊಂಡು ನಡೆಯೋರನ್ನು ಗಡೀಪಾರು ಮಾಡಿ.

ಬೆವರುಬಂಡೆ
+1

ಹಕ್ಕಿನೋಟ
+100. ಜತೆಗೆ ಡ್ರೋನ್ ಹಾರಿಸೋರನ್ನೂ.

ನೆಟ್ಟಗಿರು
ಸ್ಪೀಕರ್ ವಿಷಯದಲ್ಲಾದರೂ ಒಗ್ಗಟ್ಟು ಬಂತು, ಸಂತೋಷ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಹೊಸ ರೂಟಿಗೆ ಕೈ ಡ್ರಿಲ್ ಇರಲಿ, ಒಪ್ಪುತ್ತೇನೆ. ಉಳಿಪೆಟ್ಟು ಹೇಳಿದ ಯೋಚನೆ ಅಲ್ಲಿ ಬೇಕು. ಹಳೆಯ ಬೋಲ್ಟ್ ಬದಲಾಯಿಸುವಾಗ ಆ ಯೋಚನೆ ಮುಗಿದುಹೋಗಿದೆ, ತೂತು ಆಗಲೇ ಇದೆ. ಅಲ್ಲಿ ಕೈ ನೋಯಿಸಿಕೊಂಡು ಯಾರಿಗೆ ಏನು ಸಿಕ್ಕಿತು?

ಉಳಿಪೆಟ್ಟು
ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅರ್ಧ ಇದೆ.

ಹಳೆಯ ಬೋಲ್ಟ್ ಕಿತ್ತು, ಅದೇ ತೂತನ್ನು ಹಿಗ್ಗಿಸಿ ಹೊಸದು ಹಾಕುವುದು ಕಸುಬು ಗೊತ್ತಿದ್ದವರ ರೀತಿ. ಕಾಲು ಇಂಚಿನ ಗುಂಡುತಲೆ ಬೋಲ್ಟ್ ಕೀಳಲು ನಡುವೆ ಸೀಳಿದ ತೆಳ್ಳನೆ ಪಿಟಾನ್ (ಬಿರುಕಿಗೆ ಬಡಿಯುವ ಉಕ್ಕಿನ ಮೊಳೆ) ಎರಡು ಸಾಕು. ಹ್ಯಾಂಗರ್ (ಬೋಲ್ಟಿಗೆ ಸಿಕ್ಕಿಸಿದ ಲೋಹದ ಪಟ್ಟಿ) ಹಿಂದೆ ಎರಡೂ ಕಡೆಯಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಬೋಲ್ಟ್ ಹಲ್ಲು ಕಿತ್ತ ಹಾಗೆ ಆಚೆ ಬರುತ್ತದೆ. ಅಮೆರಿಕನ್ ಸೇಫ್ ಕ್ಲೈಂಬಿಂಗ್ ಅಸೋಸಿಯೇಷನ್‌ನವರು 1998ರಿಂದ ಈ ಕೆಲಸ ಮಾಡುತ್ತಿದ್ದಾರೆ. ಯೊಸೆಮಿಟಿಯಲ್ಲಿ ಮೋಟಾರ್ ಡ್ರಿಲ್ ನಿಷಿದ್ಧ, ಹಾಗಾಗಿ ಅಲ್ಲಿ ಕೈಯಲ್ಲೇ. ಆಗಲ್ಲ ಅನ್ನೋದು ಸುಳ್ಳು, ಆಗುತ್ತದೆ.

ಮಷಿನ್ ಇದ್ದವರು ಏನು ಮಾಡುತ್ತಾರೆ ಗೊತ್ತಾ? ಹಳೆಯದನ್ನು ಕೀಳುವ ಗೋಜಿಗೇ ಹೋಗಲ್ಲ. ನಾಲ್ಕು ಇಂಚು ಪಕ್ಕಕ್ಕೆ ಹೊಸ ತೂತು, ಗುರ್, ಮುಗೀತು. ರಸ್ತೆ ಪಕ್ಕದ ಬಂಡೆಗಳಲ್ಲಿ ನೋಡಿ. ಒಂದು ಆಂಕರ್‌ನಲ್ಲಿ ಆರು ತೂತು, ಎರಡರಲ್ಲಿ ತುಕ್ಕುಮೊಳೆ, ಎರಡು ಖಾಲಿ, ಎರಡು ಹೊಸದು. ಯಾವುದೋ ಹಳೇ ಬಾಗಿಲಿಗೆ ಬೀಗ ಬದಲಾಯಿಸಿದ ಹಾಗಿರುತ್ತದೆ.

ನೆಟ್ಟಗಿರು
ಅದು ಮಷಿನ್‌ನ ತಪ್ಪಲ್ಲ, ಮನುಷ್ಯನದ್ದು.

ಉಳಿಪೆಟ್ಟು
ಮನುಷ್ಯನಿಗೇ ತಾನೇ ನಿಯಮ ಬರೆಯೋದು. ಮಷಿನ್‌ಗೆ ಓದೋಕೆ ಬರಲ್ಲ.

ಮೂರನೇಪಿಚ್
ಹಹ್ಹಾ. ಒಂದು ಕೊಟ್ಟರು.

ಸರಿ, ನಾನೂ ಒಂದು ಮೆಟ್ಟಿಲು ಇಳಿಯುತ್ತೇನೆ. ಸೆರ್ರೊ ಟೊರ್ರೆ ಕಥೆಯ ಬಾಲ ನನಗೆ ಯಾವತ್ತೂ ಕಾಡುತ್ತದೆ. 2012ರ ಜನವರಿಯಲ್ಲಿ ಹೇಡನ್ ಕೆನಡಿ, ಜೇಸನ್ ಕ್ರುಕ್ ಆ ಶಿಖರದ ಬೆನ್ನನ್ನು ಮಾಯೆಸ್ತ್ರಿಯ ಬೋಲ್ಟ್ ಏಣಿ ಬಳಸದೆ ಹತ್ತಿ, ಇಳಿಯುವಾಗ 120ರಷ್ಟು ಬೋಲ್ಟ್ ಕಿತ್ತು ತಂದರು. ಕೆಳಗೆ ಊರಿನಲ್ಲಿ ಜನ ರೇಗಿ ಮುತ್ತಿಕೊಂಡರು, ಪೊಲೀಸರು ಬೋಲ್ಟ್ ವಶಪಡಿಸಿಕೊಂಡರು. ಕೆಲವೇ ದಿನಕ್ಕೆ ಡೇವಿಡ್ ಲಾಮಾ ಆ ಕಡೆಯಿಂದಲೇ ಫ್ರೀ ಆಗಿ, ಅಂದರೆ ಸಾಧನ ಹಿಡಿದು ಮೇಲೇರದೆ ಬರೀ ಕೈಕಾಲಲ್ಲಿ, ಹತ್ತಿದ. 40 ವರ್ಷ ಆ ಬೋಲ್ಟ್ ಇಲ್ಲದೆ ಆಗಲ್ಲ ಅಂತ ಎಷ್ಟು ಜನ ಅಂದುಕೊಂಡಿದ್ದರೋ. ಇಂಜಿನ್ ಹಾಕಿದ ಏಣಿ ನಲವತ್ತು ವರ್ಷ ಆ ಬೆಟ್ಟದ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಅದನ್ನು ನಾನು ಒಪ್ಪುತ್ತೇನೆ. ಆದರೆ ಎರಡು ಬೋಲ್ಟಿನ ರ‍್ಯಾಪೆಲ್ ಆಂಕರ್ ಹಗ್ಗದಲ್ಲಿ ಇಳಿಯೋಕೆ ಇರೋದು, ಏಣಿ ಅಲ್ಲ!

ಕಾನೂನುಕಿಟ್ಟಿ
ಒಂಟಿಹಗ್ಗ, ವಾದ ಮಾಡೋರು ಮಾಡಲಿ. ನೀವು ಆ ಜಾಗದ ರೇಂಜರ್ ಕಚೇರಿಗೆ ಒಂದು ಪತ್ರ ಹಾಕಿ. ಒಂದಕ್ಕೆ ಒಂದು ಬದಲಾವಣೆ, ಅದೇ ತೂತು, ಕೈ ಡ್ರಿಲ್, ಅಂತ ಬರೆಯಿರಿ. ಎಲ್ಲಾ ಕಡೆ ನಿಯಮ ಒಂದೇ ಇಲ್ಲ. ಜೋಶುವಾ ಟ್ರೀ ವೈಲ್ಡರ್ನೆಸ್‌ನಲ್ಲಿ ಹೊಸ ಬೋಲ್ಟ್‌ಗೆ ಪರ್ಮಿಟ್ ಬೇಕು. ಕೇಳೋದರಲ್ಲಿ ಏನೂ ಕಳ್ಕೊಳ್ಳಲ್ಲ.

ಬೆವರುಬಂಡೆ
ಫೋಟೊ ಇದ್ದರೆ ಹಾಕಿ ಒಂಟಿಹಗ್ಗ, ಆ ಹಾಲುಹಲ್ಲಿನದು.

ಒಂಟಿಹಗ್ಗ
(ಮೂರು ವಾರದ ನಂತರ)
ಎಲ್ಲರಿಗೂ ಒಂದು ಸುದ್ದಿ. ಕಚೇರಿಗೆ ಬರೆದೆ. ಎಂಟು ದಿನಕ್ಕೆ ಉತ್ತರ ಬಂತು: ಹಳೆಯ ತೂತನ್ನೇ ಬಳಸಿ, ಕೈಯಲ್ಲೇ ಮಾಡಿ, ಕಿತ್ತದ್ದನ್ನು ವಾಪಸ್ ತನ್ನಿ. ಹೋದ ಶನಿವಾರ ಹೋಗಿ ಬಂದೆವು.

ಅಲ್ಲಾಡುತ್ತಿದ್ದ ಬೋಲ್ಟ್ ಕೀಳಲು ನಾಲ್ಕು ಪೆಟ್ಟು ಸಾಕಾಯಿತು. ಕೈಗೆ ಬಂದದ್ದು ನೋಡಿ ಗೆಳೆಯನ ಮುಖ ಬಿಳಿಚಿಕೊಂಡಿತು. ಕಿರುಬೆರಳಿನ ಅರ್ಧ ಉದ್ದ ಇತ್ತು. ಅದರ ಮೇಲೆ ಇಬ್ಬರೂ ತೂಗಿದ್ದೇವೆ! ಆ ತೂತು ಹಿಗ್ಗಿಸಲು 50 ನಿಮಿಷ, ನಡುವೆ ಒಂದು ಬಿಟ್ ತುಂಡಾಯಿತು. ಹೊಸ ಬೋಲ್ಟ್ ಕೂತ ಮೇಲೆ ಸ್ಪ್ಯಾನರ್ ತಿರುಗಿಸುವಾಗ ಅದು ಬಿಗಿಯುವ ಹದ ಕೈಗೆ ಗೊತ್ತಾಗುತ್ತದಲ್ಲ, ಅದು ಚೆನ್ನಾಗಿತ್ತು.

ಆದರೆ ತುಕ್ಕು ಹಿಡಿದ ಇನ್ನೊಂದು ಬೋಲ್ಟ್ ಇದೆಯಲ್ಲ, ಅದು ಅರ್ಧ ಆಚೆ ಬಂದು ತುಂಡಾಯಿತು. ಒಳಗೆ ಮೊಂಡು ಉಳಿದಿದೆ. ಅಷ್ಟು ಹೊತ್ತಿಗೆ ನೆರಳು ಬಂತು, ನನ್ನ ಎಡಗೈ ಹೆಬ್ಬೆರಳು ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು, ಮೂರು ಸಲ ಗುರಿ ತಪ್ಪಿದ್ದೆ. ಕ್ಯಾಮ್ ಅಲ್ಲೇ ಬಿಟ್ಟು ಇಳಿದೆವು.

ಗೆಳೆಯ ಈಗಲೂ ಹೇಳುತ್ತಿದ್ದಾನೆ, ಡ್ರಿಲ್ ಇದ್ದಿದ್ದರೆ ಎರಡೂ ಮುಗಿದಿರುತ್ತಿತ್ತು ಅಂತ. ಅದು ನಿಜ ಕೂಡ.

ಉಳಿಪೆಟ್ಟು
ಮೊಂಡು ಎಷ್ಟು ಒಳಗಿದೆ? ಮೇಲ್ಮೈಗೆ ಸಮ ಇದ್ದರೆ ಒಂದು ಉಪಾಯ ಇದೆ, ಆದರೆ ಅದಕ್ಕೆ ಎರಡು ಜತೆ ಕೈ ಬೇಕು.

ಒಂಟಿಹಗ್ಗ
ಸಮ ಇದೆ. ಉಗುರಿಗೂ ಸಿಗಲ್ಲ.

ಮೂರನೇಪಿಚ್
ಬರುವ ಶನಿವಾರ ನಾನು ಖಾಲಿ. ನನ್ನದು ವಕ್ರ ಆಗುತ್ತದೆ, ಮೊದಲೇ ಹೇಳಿದ್ದೇನೆ. ಊದೋ ಕೊಳವೆ ಯಾರ ಹತ್ತಿರ ಇದೆ?